ಹಿಂಚಕ್ರದ ಕಾರೂ ಗೃಹಸ್ಥನ ಧರ್ಮವೂ

ಕೆಲವು ತಿಂಗಳ ಹಿಂದೆ ನನ್ನ ತಮ್ಮನ ಮಗನು ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಬೆಂಗಳೂರಿನಿಂದ ನಮ್ಮಲ್ಲಿಗೆ ಬಂದಿದ್ದನು. ಊಟವಾದ ಮೇಲೆ ದಂಪತಿಗಳಿಬ್ಬರೂ ಒಂದು ವ್ಯಾಜ್ಯವನ್ನು ನನ್ನ ಮುಂದಿಟ್ಟರು. ಮನೆಗೆ ಒಂದು ಕಾರು ಬೇಕು; ಕೂಡಿಟ್ಟ ಹಣ ಹತ್ತು ಲಕ್ಷ ರೂಪಾಯಿ; ಎರಡನೆಯ ಕಾರಿಗೆ ಹಣವೂ ಇಲ್ಲ, ನಿಲ್ಲಿಸಲು ಸ್ಥಳವೂ ಇಲ್ಲ. ಹುಡುಗನಿಗೆ ಬೇಕಾದುದು ಹಿಂದಿನ ಚಕ್ರಗಳ ಬಲದಿಂದ ನಡೆಯುವ ಕಾರು. ವರ್ಷಕ್ಕೆ ಎರಡು ಮೂರು ಬಾರಿ ಅದನ್ನು ಓಟದ ಪಥಕ್ಕೆ ಒಯ್ಯಬೇಕೆಂಬುದು ಅವನ ಬಹುಕಾಲದ ಆಸೆ. ಸೊಸೆಗೆ ಬೇಕಾದುದು ಮಗುವನ್ನು ಶಾಲೆಗೂ ಅತ್ತೆಯನ್ನು ಆಸ್ಪತ್ರೆಗೂ ಕ್ಷೇಮವಾಗಿ ಮುಟ್ಟಿಸುವ ಕಾರು. “ದೊಡ್ಡಪ್ಪ, ನೀವೇ ತೀರ್ಮಾನ ಹೇಳಿ” ಎಂದು ಅವನು ಕುಳಿತುಬಿಟ್ಟನು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಸಲ್ಲದಾದುದರಿಂದ ನಾನು ಹದಿನೈದು ದಿನಗಳ ಅವಧಿಯನ್ನು ಕೇಳಿ, ಕೆಲವು ಪುಸ್ತಕಗಳನ್ನು ಓದಿ, ನಮ್ಮೂರ ಗ್ಯಾರೇಜಿನ ಮೆಕ್ಯಾನಿಕ್ಕನ್ನೂ ವಿಚಾರಿಸಿದೆನು. ಅದರ ಸಾರವನ್ನು ಈ ತಿಂಗಳು ವಾಚಕರಿಗೆ ಒಪ್ಪಿಸುತ್ತೇನೆ.

ಮೊದಲು ಈ “ಟ್ರ್ಯಾಕ್ ಡೇ” ಎಂಬುದೇನೆಂದು ಹೇಳುವುದು ಯುಕ್ತ. ಇದು ಪಂದ್ಯವಲ್ಲ, ಬಹುಮಾನವಿಲ್ಲ, ಸೋಲುಗೆಲವಿಲ್ಲ. ಗೊತ್ತಾದ ಒಂದು ದಿನ ಶುಲ್ಕವನ್ನು ಕೊಟ್ಟು, ತಲೆಗೆ ಹೆಲ್ಮೆಟ್ಟನ್ನು ಧರಿಸಿ, ಎದುರಿನಿಂದ ಲಾರಿಯೂ ಅಡ್ಡದಿಂದ ಹಸುವೂ ಬಾರದ ಪಥದಲ್ಲಿ ತನ್ನ ಕಾರನ್ನೇ ಓಡಿಸಿ ವೇಗದ ವಿದ್ಯೆಯನ್ನು ಕಲಿಯುವುದು. ದಕ್ಷಿಣದೇಶದಲ್ಲಿ ಇದಕ್ಕೆ ಹೆಸರಾದ ಪಥಗಳು ತಮಿಳುನಾಡಿನಲ್ಲಿವೆ. ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿರುವುದು ೧೯೯೦ರಲ್ಲಿ ಆರಂಭವಾಯಿತು. ಅದರ ಒಂದು ಸುತ್ತು ಸುಮಾರು ೩.೭ ಕಿಲೋಮೀಟರು. ಕೊಯಮತ್ತೂರಿನ ಬಳಿ ಇರುವುದಕ್ಕೆ ೧೯೯೫ರಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಸ್ಮರಣಾರ್ಥವಾಗಿ ಕರಿ ಮೋಟಾರ್ ಸ್ಪೀಡ್‌ವೇ ಎಂದು ಹೆಸರು; ಅದರ ಸುತ್ತು ಸುಮಾರು ೨.೧ ಕಿಲೋಮೀಟರು. ವೇಗದ ಚಪಲವುಳ್ಳ ತರುಣನು ಅದನ್ನು ಮೈಸೂರಿನ ರಸ್ತೆಯಲ್ಲಿ ತೀರಿಸಿಕೊಳ್ಳುವುದಕ್ಕಿಂತ ಇಂಥ ಸ್ಥಳದಲ್ಲಿ ತೀರಿಸಿಕೊಳ್ಳುವುದು ಅವನಿಗೂ ಲೋಕಕ್ಕೂ ಹಿತವೆಂದು ನಾನು ಒಪ್ಪಿದೆನು.

ಇನ್ನು ಹಿಂಚಕ್ರದ ಮಾತು. ಎತ್ತಿನ ಗಾಡಿಯನ್ನು ಎತ್ತು ಮುಂದಿನಿಂದ ಎಳೆಯುತ್ತದೆ. ಬೈಸಿಕಲ್ಲಿನಲ್ಲಾದರೋ ಕಾಲಿನ ಬಲವು ಸರಪಳಿಯ ಮೂಲಕ ಹಿಂದಿನ ಚಕ್ರಕ್ಕೆ ಹೋಗಿ ಅದು ಮುಂದಕ್ಕೆ ನೂಕುತ್ತದೆ. ಮುಂದಿನ ಚಕ್ರಕ್ಕೆ ದಿಕ್ಕನ್ನು ತೋರಿಸುವುದೊಂದೇ ಕೆಲಸ. ಕಾರುಗಳಲ್ಲಿಯೂ ಈ ಎರಡು ಜಾತಿಗಳಿವೆ. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಮುಂಚಕ್ರದ ಕಾರಿನಲ್ಲಿ ಎಳೆಯುವ ಕೆಲಸವನ್ನೂ ತಿರುಗಿಸುವ ಕೆಲಸವನ್ನೂ ಮುಂದಿನ ಎರಡು ಟೈರುಗಳೇ ಮಾಡಬೇಕು. ತಿರುವಿನಲ್ಲಿ ವೇಗ ಹೆಚ್ಚಿದರೆ ಅವು ದಣಿದು, ಕಾರು ತಿರುಗದೆ ನೇರವಾಗಿ ಜಾರುತ್ತದೆ. ಹಿಂಚಕ್ರದ ಕಾರಿನಲ್ಲಿ ಕೆಲಸವು ಹಂಚಿಹೋಗಿದೆ. ಅದಲ್ಲದೆ, ವೇಗವನ್ನು ಏರಿಸುವಾಗ ನಮ್ಮ ಬೆನ್ನು ಆಸನಕ್ಕೆ ಒತ್ತಿಕೊಳ್ಳುವುದಷ್ಟೆ. ಹಾಗೆಯೇ ಕಾರಿನ ಭಾರವೂ ಹಿಂದಕ್ಕೆ ಸರಿದು, ನೂಕುವ ಚಕ್ರಗಳಿಗೆ ಹಿಡಿತ ಹೆಚ್ಚುತ್ತದೆ. ಓಡಿಸುವವನ ಕೈಕಾಲುಗಳ ತಪ್ಪನ್ನೂ ಒಪ್ಪನ್ನೂ ಇದು ಕೂಡಲೆ ತೋರಿಸಿಕೊಡುವುದರಿಂದ ಇದನ್ನು ಒಳ್ಳೆಯ ಗುರುವೆನ್ನುತ್ತಾರೆ. ಇದು ಹುಡುಗನ ಪಕ್ಷ, ಯುಕ್ತವಾದುದೇ.

ಆದರೆ ಆ ಗುರುವು ಕೆಲವೊಮ್ಮೆ ಬೆತ್ತವನ್ನೂ ಎತ್ತುತ್ತಾನೆ. ಮಳೆಯಲ್ಲಿ ತಿರುವಿನ ನಡುವೆ ಗಾಬರಿಯಿಂದ ಕಾಲನ್ನು ಥಟ್ಟನೆ ತೆಗೆದರೆ ಭಾರವು ಮುಂದಕ್ಕೆ ಸರಿಯುತ್ತದೆ. ಹಗುರವಾದ ಹಿಂಭಾಗವು ಪಕ್ಕಕ್ಕೆ ಬೀಸಿಹೋಗಬಹುದು. ಈಚಿನ ಕಾರುಗಳಲ್ಲಿ ಇದನ್ನು ತಡೆಯುವ ವಿದ್ಯುನ್ಮಾನ ಸಾಧನವಿದೆಯಾದರೂ ಸವೆದ ಟೈರಿಗೆ ಅದು ಹಲ್ಲು ಹುಟ್ಟಿಸಲಾರದು. ಮನೆಯವರಿಗೆ ಇನ್ನೊಂದು ಕಷ್ಟವುಂಟು. ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಬಲವನ್ನು ಒಯ್ಯುವ ದಂಡವು ನೆಲದ ಕೆಳಗೆ ಹಾದುಹೋಗಬೇಕು. ಅದಕ್ಕಾಗಿ ಹಿಂದಿನ ಆಸನದ ಮುಂದೆ ನಟ್ಟನಡುವೆ ಒಂದು ದಿಬ್ಬವಿರುತ್ತದೆ. ನಡುವೆ ಕುಳಿತವರು ಅದರ ಎರಡು ಕಡೆಗೂ ಕಾಲಿಡಬೇಕು. ಸೀರೆಯುಟ್ಟ ವೃದ್ಧೆಯನ್ನು ಹಾಗೆ ಮೂರು ಗಂಟೆ ಕೂಡಿಸಿದರೆ ಯಂತ್ರಶಾಸ್ತ್ರದ ಗುಣಗಳು ಅವರಿಗೆ ರುಚಿಸಲಾರವು. ೧೯೫೯ರಲ್ಲಿ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡವಾಗಿಟ್ಟು ಮುಂಚಕ್ರಗಳನ್ನು ನಡೆಸಿದುದೂ, ೧೯೮೩ರಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ ೮೦೦ ಅದೇ ಕ್ರಮವನ್ನು ಹಿಡಿದುದೂ ಚಿಕ್ಕ ಕಾರಿನಲ್ಲಿ ನಾಲ್ವರಿಗೆ ಸ್ಥಳವನ್ನು ಉಳಿಸುವುದಕ್ಕಾಗಿಯೇ.

ಈ ಕಾರಣದಿಂದಲೇ ನಮ್ಮಲ್ಲಿ ಅಗ್ಗದ ಹಿಂಚಕ್ರದ ಕಾರುಗಳು ವಿರಳವಾದುವು. ೨೦೧೪ರಲ್ಲಿ ನಿಂತುಹೋದ ಅಂಬಾಸಡರ್, ಅದರ ಸಮಕಾಲೀನವಾದ ಪ್ರೀಮಿಯರ್ ಪದ್ಮಿನಿ, ೧೯೮೪ರಲ್ಲಿ ಬಂದ ಕಾಂಟೆಸ್ಸಾ, ಇವೆಲ್ಲವೂ ಹಿಂಚಕ್ರದವೇ. ಆದರೆ ಇಂದು ಅವು ಪ್ರೀತಿಯಿಂದ ಕಾಪಾಡಿಕೊಳ್ಳತಕ್ಕ ವಸ್ತುಗಳೇ ಹೊರತು ಮಗುವನ್ನು ಕೂರಿಸಿಕೊಂಡು ಪ್ರತಿದಿನ ಓಡಾಡತಕ್ಕವಲ್ಲ. ಮಾರುತಿಯ ಈಕೋ ಹಿಂಚಕ್ರದ್ದು; ನಮ್ಮ ಬಿಡದಿಯಲ್ಲಿ ತಯಾರಾಗಿ ೨೦೦೫ರಲ್ಲಿ ಹೊರಬಂದ ಇನ್ನೋವಾ ಕೂಡ ಹಿಂಚಕ್ರದ್ದೇ. ಸಂಸಾರಕ್ಕೆ ಅವು ಒದಗುತ್ತವೆ. ಎತ್ತರವಾದ ಮೈಯಾದುದರಿಂದ ಪಥದ ಬಿರುಸಾದ ತಿರುವುಗಳಿಗೆ ಒದಗವು. ಹುಡುಗನು ಪರದೇಶದ ಮಾಜ್ದಾ ಎಂ.ಎಕ್ಸ್.-೫ ಎಂಬುದರ ಚಿತ್ರವನ್ನು ತೋರಿಸಿದನು. ೧೯೮೯ರಿಂದ ಪ್ರಸಿದ್ಧವಾದ, ಹಗುರವಾದ, ಸುಂದರವಾದ ಕಾರು. ಆದರೆ ಅದರಲ್ಲಿರುವುದು ಎರಡೇ ಆಸನ. “ಮಗುವನ್ನು ಎಲ್ಲಿ ಕೂರಿಸುವೆಯಪ್ಪ?” ಎಂದೆನು. ಚಿತ್ರವು ಜೇಬಿಗೆ ಹೋಯಿತು.

ಹೀಗೆ ಸೋಸಿದ ಮೇಲೆ ಉಳಿದುದು ಬಳಸಿದ ನಾಲ್ಕು ಬಾಗಿಲಿನ ಜರ್ಮನ್ ಕಾರುಗಳು: ೨೦೦೭ರಿಂದ ಚೆನ್ನೈಯ ಬಳಿ ಜೋಡಣೆಯಾಗುತ್ತ ಬಂದ ಬಿ.ಎಂ.ಡಬ್ಲ್ಯು. ೩-ಸೀರೀಸ್, ಪುಣೆಯ ಬಳಿ ಜೋಡಣೆಯಾಗುವ ಮರ್ಸಿಡಿಸ್ ಸಿ-ಕ್ಲಾಸ್. ಹೊಸದರ ಬೆಲೆ ಗೃಹಸ್ಥನಿಗೆ ಎಟುಕದು. ಏಳೆಂಟು ವರ್ಷ ಕಳೆದುದು ಎಟುಕುತ್ತದೆ. ಹುಡುಗನ ಮುಖ ಅರಳಿತು. ಆಗ ಸೊಸೆಯು ಮೆಲ್ಲಗೆ ಕೇಳಿದಳು: “ಮಾವನವರೆ, ಭಾನುವಾರ ಪಥದಲ್ಲಿ ಸವೆದ ಬ್ರೇಕಿನಿಂದಲೇ ಅಲ್ಲವೆ, ಸೋಮವಾರ ನಾನು ಮಗುವನ್ನು ಶಾಲೆಗೆ ಕರೆದೊಯ್ಯಬೇಕಾದುದು?”

ವ್ಯಾಜ್ಯದ ಮರ್ಮವು ಈ ಪ್ರಶ್ನೆಯಲ್ಲಿತ್ತು. ಯಾವ ಚಕ್ರ ನಡೆಯುತ್ತದೆಂಬುದಕ್ಕಿಂತ ಎಲ್ಲ ಚಕ್ರಗಳೂ ನಿಲ್ಲುತ್ತವೆಯೆ ಎಂಬುದು ಮುಖ್ಯ. ಲೆಕ್ಕ ಮಾಡಿ ನೋಡೋಣ. ೧,೫೦೦ ಕಿಲೋಗ್ರಾಂ ಭಾರದ ಕಾರು ಗಂಟೆಗೆ ೧೨೦ ಕಿಲೋಮೀಟರು ವೇಗದಿಂದ ೬೦ಕ್ಕೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿಯು, ತಣ್ಣೀರು ಎರಡು ಲೀಟರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದರ ಬಹುಭಾಗವು ಕೆಲವೇ ಕ್ಷಣಗಳಲ್ಲಿ ಬ್ರೇಕಿನ ತಟ್ಟೆಗಳಿಗೆ ಸೇರುತ್ತದೆ. ಪಥದಲ್ಲಿ ಇದು ಸುತ್ತುಸುತ್ತಿಗೂ ಮರಳಿ ಮರಳಿ ನಡೆಯುತ್ತದೆ. ಬ್ರೇಕಿನ ಕೊಳವೆಗಳಲ್ಲಿರುವ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್-೪ ಎಂಬ ಸಾಮಾನ್ಯ ದರ್ಜೆಯ ದ್ರವವು ಹೊಸದಾಗಿದ್ದಾಗ ಕಡೆಯ ಪಕ್ಷ ೨೩೦ ಡಿಗ್ರಿ ಸೆಂಟಿಗ್ರೇಡಿನವರೆಗೂ ಕುದಿಯಬಾರದೆಂದು ನಿಯಮ. ತೇವ ಸೇರಿದ ಮೇಲೆ ಆ ಮಿತಿಯು ೧೫೫ಕ್ಕೆ ಇಳಿಯುತ್ತದೆ. ದ್ರವವು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಪೆಡಲನ್ನು ಒತ್ತಿದರೆ ಅದು ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಪಥಕ್ಕೆ ಹೋಗುವ ಮುನ್ನ ಹೊಸ ದ್ರವವೂ ದಪ್ಪವಾದ ಬ್ರೇಕ್ ಪ್ಯಾಡುಗಳೂ ಅವಶ್ಯಕ. ಹಿಂದಿರುಗಿದ ಮೇಲೆ ಪರೀಕ್ಷೆಯೂ ಅಷ್ಟೇ ಅವಶ್ಯಕ. ಬೆಂಗಳೂರಿನಿಂದ ಇರುಂಗಾಟ್ಟುಕೋಟೆಗೆ ಸುಮಾರು ೩೦೦ ಕಿಲೋಮೀಟರು. ಪಥದಲ್ಲಿ ದಣಿದ ಕಾರೇ ಅಷ್ಟು ದೂರ ಮರಳಿ ಬರಬೇಕೆಂಬುದನ್ನು ಮರೆಯಲಾಗದು.

ಹಣದ ವಿಷಯವೂ ಇದಕ್ಕೆ ಸೇರಿದುದೇ. ದುಬಾರಿ ಕಾರು ಹಳೆಯದಾದರೆ ಅದರ ಬೆಲೆಯು ಇಳಿಯುತ್ತದೆ. ಬಿಡಿಭಾಗಗಳ ಬೆಲೆಯು ಇಳಿಯುವುದಿಲ್ಲ. ಹತ್ತು ಲಕ್ಷವಿದ್ದವನು ಹತ್ತು ಲಕ್ಷದ ಕಾರನ್ನು ಕೊಂಡರೆ ಕೆಟ್ಟನೆಂದೇ ತಿಳಿಯಬೇಕು. ಏಳರಲ್ಲಿ ಕೊಂಡು ಮೂರನ್ನು ಟೈರು, ಬ್ರೇಕು, ದುರಸ್ತಿಗಳಿಗೆ ಎತ್ತಿಡತಕ್ಕದ್ದು. ಖಾಸಗಿ ಕಾರಿನ ನೋಂದಣಿಯು ಮೊದಲು ೧೫ ವರ್ಷಗಳವರೆಗೆ ಇರುವುದರಿಂದ, ಕೊಳ್ಳುವ ಕಾರಿಗೆ ಇನ್ನೆಷ್ಟು ಆಯುಸ್ಸು ಉಳಿದಿದೆಯೆಂದು ನೋಡಿಕೊಳ್ಳಬೇಕು. ವಿಮೆಯ ಪತ್ರವನ್ನಂತೂ ಪೂರ್ಣವಾಗಿ ಓದಬೇಕು. ಸಾಮಾನ್ಯವಾದ ಖಾಸಗಿ ವಿಮೆಯು ಪಂದ್ಯ, ವೇಗಪರೀಕ್ಷೆ ಮೊದಲಾದ ಉಪಯೋಗಗಳನ್ನು ಹೊರಗಿಡುತ್ತದೆ. ಪಥದ ಗೋಡೆಗೆ ಕಾರು ತಗುಲಿದರೆ ನಷ್ಟವು ಮನೆಯದೇ ಎಂದು ನಿಶ್ಚಯಿಸಿಕೊಂಡು ಹೊರಡಬೇಕು. ಒಂದೇ ಕಾರುಳ್ಳ ಮನೆಗೆ ಇದು ಸಣ್ಣ ಮಾತಲ್ಲ.

ಇದನ್ನೆಲ್ಲ ಎಣಿಸಿ ನಾನು ಹೇಳಿದ ತೀರ್ಮಾನವಿಷ್ಟು. ಹಿಂಚಕ್ರದ ಕಾರನ್ನು ಕೊಳ್ಳಬಹುದು. ಆದರೆ ಅದು ಮೊದಲು ಮನೆಯ ಕಾರು, ಆಮೇಲೆ ಪಥದ ಕಾರು. ಕೊಳ್ಳುವ ಮುನ್ನ ಮಗುವಿನ ಆಸನವನ್ನು ಹಿಂದೆ ಬಿಗಿದು ನೋಡಬೇಕು. ಅಮ್ಮನನ್ನು ಅದರ ಪಕ್ಕದಲ್ಲಿ ಕೂಡಿಸಿ ಅರ್ಧ ಗಂಟೆ ಸುತ್ತಾಡಿಸಬೇಕು. ದುರಸ್ತಿಯ ದಾಖಲೆಯಿಲ್ಲದ ಕಾರನ್ನು ಬಾಗಿಲಿನಿಂದಲೇ ಹಿಂದಿರುಗಿಸಬೇಕು. ವೇಗದ ವಿದ್ಯೆಯ ಮೊದಲ ಪಾಠಗಳನ್ನು ಮನೆಯ ಕಾರಿನಲ್ಲಿ ಕಲಿಯಬಾರದು. ಶುಲ್ಕವನ್ನು ಪಡೆದು ತಮ್ಮದೇ ಒಂಟಿ ಆಸನದ ಕಾರುಗಳಲ್ಲಿ ಕಲಿಸುವ ಶಾಲೆಗಳುಂಟು. ಆ ಕಾರುಗಳೂ ಹಿಂಚಕ್ರದವೇ.

ಮೊನ್ನೆ ಹುಡುಗನು ದೂರವಾಣಿಯಲ್ಲಿ ಮಾತನಾಡಿದನು. ಎರಡು ಕಾರುಗಳನ್ನು ಬಿಟ್ಟರಂತೆ. ಒಂದಕ್ಕೆ ದಾಖಲೆಯಿರಲಿಲ್ಲ, ಇನ್ನೊಂದಕ್ಕೆ ನಾಲ್ಕು ಟೈರುಗಳೂ ನಾಲ್ಕು ಬಗೆಯವು. ಮೂರನೆಯದನ್ನು ಏಳು ಲಕ್ಷದೊಳಗೆ ಕೊಂಡಿದ್ದಾರೆ. ಅವನು ಶಾಲೆಯೊಂದರಲ್ಲಿ ಎರಡು ದಿನ ಕಲಿತುಬಂದನು. “ದೊಡ್ಡಪ್ಪ, ಇಷ್ಟು ದಿನ ನಾನು ಕಾರಿನ ದೋಷವೆಂದು ತಿಳಿದಿದ್ದುದು ನನ್ನ ಕಾಲಿನ ದೋಷವಾಗಿತ್ತು” ಎಂದು ನಕ್ಕನು. ತನ್ನ ಕಾರನ್ನು ಇನ್ನೂ ಪಥಕ್ಕೆ ಒಯ್ದಿಲ್ಲ. ಮುಂದಿನ ತಿಂಗಳು ಒಯ್ಯುವನಂತೆ. ಸೊಸೆಯು ಅಡಿಗೆಮನೆಯ ಪಂಚಾಂಗದ ಮೇಲೆ ಒಂದು ಕರಾರನ್ನು ಬರೆದಿಟ್ಟಿದ್ದಾಳೆ. ಅವನೂ ಅದಕ್ಕೆ ರುಜು ಹಾಕಿದ್ದಾನೆ. ಪಥದಿಂದ ಬಂದ ಕಾರಿನ ಬ್ರೇಕನ್ನು ಮೆಕ್ಯಾನಿಕ್ಕನು ನೋಡುವವರೆಗೆ ಮಗುವು ಅದರಲ್ಲಿ ಕೂರತಕ್ಕದ್ದಲ್ಲ. ಆ ಪರೀಕ್ಷೆಗೆ ಹಣವಿಲ್ಲದ ವರ್ಷ ಪಥವೂ ಇಲ್ಲ. ನನ್ನ ಹದಿನೈದು ದಿನಗಳ ಓದಿಗಿಂತ ಈ ಎರಡು ಸಾಲುಗಳೇ ಮನೆಯನ್ನು ಹೆಚ್ಚು ಕಾಪಾಡುವುವೆಂದು ನನಗೆ ತೋರುತ್ತದೆ.