ಕತ್ತರಿಸಿದ ಚಿತ್ರವೂ ಒಂದು ಪಾಠವೇ

ಶಾಸನಗಳ ಮತ್ತು ಓಲೆಗರಿಗಳ ಛಾಯಾಚಿತ್ರಗಳು ಇಂದು ಪಿಎಚ್.ಡಿ. ಪ್ರಬಂಧಗಳಲ್ಲಿಯೂ ಸಂಶೋಧನ ಪತ್ರಿಕೆಗಳಲ್ಲಿಯೂ ಧಾರಾಳವಾಗಿ ಕಾಣಿಸಿಕೊಳ್ಳುತ್ತಿವೆ. ಇದು ಸಂತೋಷದ ಸಂಗತಿ. ಬಿ. ಎಲ್. ರೈಸ್ ಅವರು 1901ರಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಹೊರತಂದಾಗ ಓದುಗನಿಗೆ ಮುಖ್ಯವಾಗಿ ದೊರೆತದ್ದು ಪಾಠ, ಲಿಪ್ಯಂತರ ಮತ್ತು ಅನುವಾದ. ಚಿತ್ರಗಳು ಆಯ್ದ ಕೆಲವಕ್ಕೆ ಮಾತ್ರ. ಸಂಪಾದಕನ ಕಣ್ಣನ್ನು ನಂಬುವುದಲ್ಲದೆ ಓದುಗನಿಗೆ ಬೇರೆ ದಾರಿಯಿರಲಿಲ್ಲ. ಇಂದು ಕಲ್ಲನ್ನೇ ಮುಂದಿಟ್ಟು ವಾದಿಸಬಹುದು. ಆದರೆ ಹಾಗೆ ಮುಂದಿಡುವ ಚಿತ್ರ ಬಹುಪಾಲು ಇಡೀ ಕಲ್ಲಿನದಲ್ಲ. ದೊಡ್ಡ ಚಿತ್ರವೊಂದರಿಂದ ಕತ್ತರಿಸಿ ತೆಗೆದ, ಅಂದರೆ ಕ್ರಾಪ್ ಮಾಡಿದ, ಒಂದು ತುಣುಕು. ಯಾರು ಕತ್ತರಿಸಿದರು, ಎಲ್ಲಿಂದ ಎಲ್ಲಿಯವರೆಗೆ, ಬಿಟ್ಟದ್ದೇನು ಎಂಬ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಪಾಠದಲ್ಲಿ ಒಂದಕ್ಷರವನ್ನು ಬಿಟ್ಟರೆ ಅಡಿಟಿಪ್ಪಣಿ ಬಯಸುವ ನಾವು ಚಿತ್ರದಲ್ಲಿ ಒಂದು ಸಾಲನ್ನೇ ಬಿಟ್ಟರೂ ಸುಮ್ಮನಿರುತ್ತೇವೆ. ಚಿತ್ರದ ಕತ್ತರಿಕೆಯೂ ಗ್ರಂಥಸಂಪಾದನೆಯ ವ್ಯಾಪ್ತಿಗೆ ಬರುವ ಕೆಲಸ, ಅದರ ಶಿಸ್ತು ಇದಕ್ಕೂ ಅನ್ವಯಿಸಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ನಿಮಿತ್ತವಾದದ್ದು ಲಿಂಗದಹಳ್ಳಿಯ ಸಂಶೋಧನ ವಿದ್ಯಾರ್ಥಿಯೊಬ್ಬರು ಕಳುಹಿಸಿದ ಒಂದು ಚಿತ್ರ. ಲಿಂಗದಹಳ್ಳಿಯಿಂದ ತರೀಕೆರೆಗೆ ಬಂದು ಮುಂದೆ ಸಾಗಿದರೆ ಅಮೃತಾಪುರ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅದರ ದೊಡ್ಡ ಶಿಲಾಶಾಸನದ ಪದ್ಯಗಳು ಜನ್ನನವು. 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದ ಜೈನಕವಿ ಅದಕ್ಕೂ ಮೊದಲು ಒಂದು ಶಿವಾಲಯದ ಶಾಸನಕ್ಕೆ ಪದ್ಯ ಕಟ್ಟಿದ್ದಾನೆ. ಆ ವಿದ್ಯಾರ್ಥಿಯ ಅಧ್ಯಯನದ ವಸ್ತುವೂ ಅದೇ. ಅವರು ಕಳುಹಿಸಿದ ಚಿತ್ರದಲ್ಲಿದ್ದದ್ದು ಐದು ಸಾಲುಗಳ ಒಂದು ಪಟ್ಟಿ. ನೋಡಲು ಅಚ್ಚುಕಟ್ಟು, ಅಕ್ಷರಗಳಿಗೆ ತಾಗಿಕೊಂಡೇ ನಾಲ್ಕೂ ಕಡೆ ಕತ್ತರಿಸಿದ್ದಾರೆ. ಎಡ ಅಂಚಿನಲ್ಲಿ ಮೂರು ಸಾಲುಗಳ ಮೊದಲ ಅಕ್ಷರ ಅರ್ಧ ಮಾತ್ರ ಕಾಣುತ್ತಿತ್ತು. ಅಲ್ಲಿ ಕಲ್ಲೇ ಒಡೆದಿದೆಯೋ, ಚಿತ್ರವನ್ನು ಕತ್ತರಿಸುವಾಗ ಹೋಯಿತೋ? ನನಗೆ ತಿಳಿಯಲಿಲ್ಲ, ಫೋನು ಮಾಡಿ ಕೇಳಿದಾಗ ಅವರಿಗೂ ನೆನಪಿರಲಿಲ್ಲ.

ಇದು ಸಣ್ಣ ಸಂದೇಹವಲ್ಲ. ಕಲ್ಲಿನಲ್ಲಿ ಸವೆದ ಅಕ್ಷರವನ್ನು ಊಹಿಸಿ ತುಂಬುವಾಗ ಸಂಪಾದಕ ಅದನ್ನು ಆವರಣದಲ್ಲಿಟ್ಟು, ಇದು ನನ್ನ ಊಹೆ ಎಂದು ಒಪ್ಪಿಕೊಳ್ಳುತ್ತಾನೆ. ಕಲ್ಲಿನಲ್ಲಿ ಇರುವ ಅಕ್ಷರಕ್ಕೆ ಆವರಣ ಬೇಕಿಲ್ಲ. ಬಿಗಿಯಾಗಿ ಕತ್ತರಿಸಿದ ಚಿತ್ರ ಈ ಎರಡರ ನಡುವಣ ಗೆರೆಯನ್ನೇ ಅಳಿಸಿಬಿಡುತ್ತದೆ.

ಕನ್ನಡ ಲಿಪಿಯ ಸ್ವಭಾವವೂ ಇಲ್ಲಿ ಮುಖ್ಯ. ನಮ್ಮ ಅಕ್ಷರ ಒಂದೇ ಸಾಲಿನೊಳಗೆ ಕುಳಿತುಕೊಳ್ಳುವುದಿಲ್ಲ. ಗುಡಿಸು ಮೇಲಕ್ಕೆ ಏರುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಸೊನ್ನೆ ಬಲಕ್ಕೆ ಸರಿದು ನಿಲ್ಲುತ್ತದೆ. ತಲೆಕಟ್ಟಿನ ಮಟ್ಟಕ್ಕೆ ಕತ್ತರಿಸಿದರೆ ಮೇಲಿನ ಸಾಲಿನ ಇಕಾರ ಅಕಾರವಾಗಿ ತೋರಬಹುದು. ಕೆಳಗೆ ಬಿಗಿ ಹಿಡಿದರೆ ಕೊನೆಯ ಸಾಲಿನ ದ್ವಿತ್ವ ಒಂಟಿ ವ್ಯಂಜನವಾದೀತು, ಛಂದಸ್ಸಿನಲ್ಲಿ ಗುರುವೊಂದು ಲಘುವಾದೀತು. ಬಲ ಅಂಚಿನ ಪ್ರಮಾದ ಇನ್ನೂ ದೊಡ್ಡದು. ಹಳಗನ್ನಡದಲ್ಲಿ ಪ್ರಥಮಾ ವಿಭಕ್ತಿ ನಿಂತಿರುವುದು ಆ ಒಂದು ಸೊನ್ನೆಯ ಮೇಲೆ. 'ಜನ್ನಂ' ಎಂಬುದರ ಸೊನ್ನೆ ಚಿತ್ರದಿಂದ ಹೊರಗುಳಿದರೆ ಉಳಿಯುವುದು 'ಜನ್ನ', ಅದು ಕರ್ತೃವೋ ಸಮಾಸದ ಪೂರ್ವಪದವೋ ಎಂಬ ಚರ್ಚೆ ಅನಗತ್ಯವಾಗಿ ಹುಟ್ಟುತ್ತದೆ. ಅಲ್ಲದೆ ಕಂದಪದ್ಯದ ಪಾದ ಮುಗಿಯುವುದಕ್ಕೂ ಕಲ್ಲಿನ ಸಾಲು ಮುಗಿಯುವುದಕ್ಕೂ ಸಂಬಂಧವಿಲ್ಲ. ಸಾಲಿನ ಮೊದಲ ಅಕ್ಷರ ಹೋದರೆ ಅದು ಪದ್ಯದ ನಟ್ಟನಡುವೆ, ಕೆಲವೊಮ್ಮೆ ಪ್ರಾಸಸ್ಥಾನದಲ್ಲಿಯೇ, ಹೋದೀತು.

ಹಾಗಾಗಿ ನಿಖರವಾಗಿ ಕತ್ತರಿಸುವುದೆಂದರೆ ಬಿಗಿಯಾಗಿ ಕತ್ತರಿಸುವುದಲ್ಲ. ಎಲ್ಲಿ ಕತ್ತರಿಸಿದೆ ಎಂಬುದನ್ನು ಅಂಕೆಗಳಲ್ಲಿ ಹೇಳಲು ಸಾಧ್ಯವಾಗುವಂತೆ, ಇನ್ನೊಬ್ಬರು ಅದೇ ಕೆಲಸವನ್ನು ಮತ್ತೆ ಮಾಡಿ ಅದೇ ತುಣುಕನ್ನು ಪಡೆಯುವಂತೆ ಕತ್ತರಿಸುವುದೇ ನಿಖರತೆ. ಇದಕ್ಕೆ ತಿಂಗಳ ಬಾಡಿಗೆ ತೆತ್ತು ತರುವ ತಂತ್ರಾಂಶ ಬೇಕಿಲ್ಲ. ಲಿಂಗದಹಳ್ಳಿಯಂಥ ಊರಿನಿಂದ ಬಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ಗಿಂಪ್ ಸಾಕು. 1990ರ ದಶಕದ ನಡುವೆ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಈ ಉಚಿತ, ಮುಕ್ತ ತಂತ್ರಾಂಶದ ಮೂರನೆಯ ಆವೃತ್ತಿ 2025ರಲ್ಲಿ ಹೊರಬಂದಿದೆ.

ಅದರ ಕ್ರಾಪ್ ಉಪಕರಣವನ್ನು ಹೆಚ್ಚಿನವರು ಮೌಸ್ ಎಳೆದು, ಕಣ್ಣಂದಾಜಿನಲ್ಲಿ ಬಳಸುತ್ತಾರೆ. ಆ ಉಪಕರಣದ ಆಯ್ಕೆಗಳ ಫಲಕದಲ್ಲಿ ಸ್ಥಾನ ಮತ್ತು ಅಳತೆ ಎಂಬ ನಾಲ್ಕು ಅಂಕೆಗಳ ಮನೆಗಳಿವೆ: ಎಡ ಅಂಚಿನಿಂದ ಎಷ್ಟು ಪಿಕ್ಸೆಲ್, ಮೇಲಿನ ಅಂಚಿನಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು. ಮೌಸ್‌ನಿಂದ ಸ್ಥೂಲವಾಗಿ ಚೌಕ ಎಳೆದು, ಚಿತ್ರವನ್ನು ಹಿಗ್ಗಿಸಿ ನಾಲ್ಕು ಅಂಚುಗಳನ್ನೂ ಒಂದೊಂದಾಗಿ ನೋಡಿ, ಬೇಕಾದ ಅಂಕೆಯನ್ನು ಆ ಮನೆಗಳಲ್ಲಿ ಟೈಪಿಸಬಹುದು. ಎಂಟರ್ ಒತ್ತುವ ಮೊದಲು ಆ ನಾಲ್ಕು ಅಂಕೆಗಳನ್ನು ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಳ್ಳಬೇಕು. ನನ್ನ ಬೇಡಿಕೆಯ ತಿರುಳು ಇಷ್ಟೇ. ಜಗತ್ತಿನ ದೊಡ್ಡ ಗ್ರಂಥಾಲಯಗಳು ಹಸ್ತಪ್ರತಿಗಳ ಚಿತ್ರಗಳನ್ನು ಒದಗಿಸಲು ಒಪ್ಪಿಕೊಂಡಿರುವ ಐಐಐಎಫ್ ಎಂಬ ಪದ್ಧತಿಯಲ್ಲಿಯೂ ಪುಟದ ಒಂದು ಭಾಗವನ್ನು ಕರೆಯುವುದು ಇದೇ ನಾಲ್ಕು ಅಂಕೆಗಳಿಂದ. ನಾವು ಸಂಧಿ, ಪದ್ಯಸಂಖ್ಯೆಗಳಿಂದ ಕಾವ್ಯಭಾಗವನ್ನು ಸೂಚಿಸುವಂತೆ ಅವರು ಚಿತ್ರಭಾಗವನ್ನು ಸೂಚಿಸುತ್ತಾರೆ.

ಚಿತ್ರ ದೊಡ್ಡದಾದರೆ ಯಂತ್ರ ಏದುಸಿರು ಬಿಡುತ್ತದೆ ಎಂಬ ದೂರು ನಿಜ. 6000 ಪಿಕ್ಸೆಲ್ ಅಗಲ, 4000 ಎತ್ತರದ ಸಾಮಾನ್ಯ ಕ್ಯಾಮೆರಾ ಚಿತ್ರ ತೆರೆದಾಗ ಸುಮಾರು 72 ಎಂ.ಬಿ. ನೆನಪನ್ನು ಹಿಡಿಯುತ್ತದೆ. ಹ್ಯುಗಿನ್‌ನಂಥ ಉಚಿತ ತಂತ್ರಾಂಶದಿಂದ ಹಲವು ಚಿತ್ರಗಳನ್ನು ಹೊಲಿದು 20,000 ಕ್ಕೆ 12,000 ಪಿಕ್ಸೆಲ್ಲಿನ ಒಂದು ಚಿತ್ರ ಮಾಡಿದರೆ ಅದು 720 ಎಂ.ಬಿ.; ಮಾಡಿದ ಪ್ರತಿಯೊಂದು ಬದಲಾವಣೆಯನ್ನು ಹಿಂದೆಗೆದುಕೊಳ್ಳಲೆಂದು ತಂತ್ರಾಂಶ ಇಟ್ಟುಕೊಳ್ಳುವ ಪ್ರತಿಗಳು ಬೇರೆ. ಗಿಂಪ್‌ನ ಆದ್ಯತೆಗಳಲ್ಲಿ ಟೈಲ್ ಕ್ಯಾಶೆಗೆ ಯಂತ್ರದ ನೆನಪಿನ ಅರ್ಧದಷ್ಟನ್ನಾದರೂ ಕೊಟ್ಟರೆ, ಕಾರಣವಿಲ್ಲದೆ ಚಿತ್ರವನ್ನು 32 ಬಿಟ್‌ಗೆ ಏರಿಸದಿದ್ದರೆ, 8 ಜಿ.ಬಿ. ಯಂತ್ರದಲ್ಲಿಯೂ ಕೆಲಸ ಸಾಗುತ್ತದೆ. ದೊಡ್ಡ ಚಿತ್ರ ಬೇಕೇ ಎಂದು ಕೇಳುವವರಿಗೆ ಒಂದು ಲೆಕ್ಕ ಸಾಕು: ಆರಡಿಯ ಕಲ್ಲು 6000 ಪಿಕ್ಸೆಲ್ಲಿನ ಎತ್ತರದಲ್ಲಿ ಕುಳಿತರೆ ಒಂದು ಮಿಲಿಮೀಟರಿಗೆ ದಕ್ಕುವುದು ಮೂರು ಪಿಕ್ಸೆಲ್ಲಿಗಿಂತ ತುಸು ಹೆಚ್ಚು. ಎರಡು ಮಿಲಿಮೀಟರ್ ಅಗಲದ ಉಳಿಯ ಗೆರೆಗೆ ಆರೇಳು. ಸೊನ್ನೆಗೂ ಕಲ್ಲಿನ ಚುಕ್ಕೆಗೂ ಇರುವ ಭೇದವನ್ನು ಅಷ್ಟರಲ್ಲೇ ಹುಡುಕಬೇಕು. ಹೀಗಿರುವಾಗ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರವನ್ನು ಕತ್ತರಿಸಿ, ಹಿಗ್ಗಿಸಿ ಓದಲು ಕುಳಿತುಕೊಳ್ಳುವುದು ವ್ಯರ್ಥ. ಕತ್ತರಿಸಿದ ತುಣುಕನ್ನು ಮತ್ತೆ ಜೆಪೆಗ್ ಆಗಿ ಉಳಿಸಿದರೆ ಅಕ್ಷರದ ಅಂಚಿನಲ್ಲಿ ಇಲ್ಲದ ಮಸುಕು ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ. ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ರಫ್ತು ಮಾಡುವುದು ಲೇಸು. ಮೂಲ ಕಡತದ ಮೇಲೆಯೇ ಬರೆಯುವ ಆಯ್ಕೆಯೊಂದು ಮೆನುವಿನಲ್ಲಿದೆ. ಅದರತ್ತ ಕೈ ಹೋಗದಿರಲಿ.

ಆ ತಪ್ಪನ್ನು ಮಾಡಿದವನು ನಾನೇ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ಒಂದು ಓಲೆಗರಿ ಕಟ್ಟಿನ ಚಿತ್ರಗಳನ್ನು ತೆಗೆದುಕೊಂಡು ಬಂದಿದ್ದೆ. ಉದ್ದವಾದ, ಎರಡಂಗುಲವೂ ಅಗಲವಿಲ್ಲದ ಗರಿಗಳ ಸುತ್ತ ಮೇಜಿನ ಬಟ್ಟೆ, ನನ್ನ ಬೆರಳು, ಅಳತೆಪಟ್ಟಿ ಎಲ್ಲ ಕಾಣುತ್ತಿದ್ದವು. ಅಂದಗೆಡುತ್ತದೆಂದು ಬರಹದ ಭಾಗವನ್ನಷ್ಟೇ ಉಳಿಸಿ ಉಳಿದದ್ದನ್ನು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದೆ. ಎಡ ಅಂಚಿನಲ್ಲಿದ್ದ ಪತ್ರಸಂಖ್ಯೆಗಳು ಹೋದವು. ಲಿಪಿಕಾರ ಬರೆಯುವಾಗ ಬಿಟ್ಟ ಅಕ್ಷರಗಳನ್ನು ಆಮೇಲೆ ಅಂಚಿನಲ್ಲಿ ಸೇರಿಸಿ, ಸಾಲಿನಲ್ಲಿ ಹಂಸಪಾದ ಹಾಕುವುದುಂಟು. ಹಂಸಪಾದ ಉಳಿಯಿತು, ಅದು ತೋರಿಸುತ್ತಿದ್ದ ಅಕ್ಷರ ಹೋಯಿತು. ಅಳತೆಪಟ್ಟಿಯೊಂದಿಗೆ ಗರಿಯ ಅಳತೆಯೂ ಹೋಯಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟವಾದ ತಮ್ಮ ತಾಡಪತ್ರೀಯ ಗ್ರಂಥಸೂಚಿಗಾಗಿ ಮೂಡಬಿದಿರೆ ಮೊದಲಾದ ಕಡೆಯ ಭಂಡಾರಗಳ ಕಟ್ಟುಗಳನ್ನು ಪರಿಶೀಲಿಸಿ ದಾಖಲಿಸಿದವರು. ಕ್ಯಾಮೆರಾ ಕೈಯಲ್ಲಿದ್ದ ನಾನು ಗರಿಗಳ ಕ್ರಮವನ್ನು ಕೂಡ ಉಳಿಸಿಕೊಳ್ಳಲಾರದೆ ಹೋದೆ. ಮತ್ತೆ ಹೋಗಿ ನೋಡುವಷ್ಟರಲ್ಲಿ ಆ ಕಟ್ಟು ಮನೆತನದವರ ಕೈಬಿಟ್ಟಿತ್ತು.

ಗಿಂಪ್‌ನಲ್ಲಿ ಇದಕ್ಕೊಂದು ರಕ್ಷೆಯಿದೆ. ಕತ್ತರಿಸಿದ ಪಿಕ್ಸೆಲ್‌ಗಳನ್ನು ಅಳಿಸುವ ಆಯ್ಕೆಯ ಗುರುತನ್ನು ತೆಗೆದಿಟ್ಟರೆ ಹೊರಗುಳಿದ ಭಾಗ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನಾಶವಾಗುವುದಿಲ್ಲ. ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದ ಕಡತದಿಂದ ಅದನ್ನು ಮತ್ತೆ ಹೊರತೆಗೆಯಬಹುದು. ಆದರೂ ಮೂಲಚಿತ್ರದ ಒಂದು ಪ್ರತಿಯನ್ನು ಮುಟ್ಟದೆ ಬೇರೆಡೆ ಇಡುವುದಕ್ಕೆ ಸಮನಾದ ರಕ್ಷೆ ಬೇರೊಂದಿಲ್ಲ.

ಅಮೃತಾಪುರಕ್ಕೆ ಮರಳೋಣ. ಅಲ್ಲಿನ ತೆರೆದ ಮಂಟಪದ ಕೈಪಿಡಿಗೋಡೆಯ ಹೊರಮೈಯಲ್ಲಿ 140 ಕಥಾಫಲಕಗಳಿವೆ: ದಕ್ಷಿಣದಲ್ಲಿ ರಾಮಾಯಣದವು 70, ಉತ್ತರದಲ್ಲಿ ಕೃಷ್ಣಚರಿತೆಯವು 25, ಮಹಾಭಾರತದವು 45. ವಿಶೇಷವೆಂದರೆ ದಕ್ಷಿಣದ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುತ್ತ ಚಿತ್ರ ತೆಗೆದು, ಒಂದೊಂದು ಫಲಕವನ್ನೂ ಬೇರೆಬೇರೆಯಾಗಿ ಕತ್ತರಿಸಿ, ತೆಗೆದ ಕ್ರಮದಲ್ಲೇ ಸಂಖ್ಯೆ ಕೊಟ್ಟವನ ಕಡತಗಳಲ್ಲಿ ಕಥೆ ಹಿಂದುಮುಂದಾಗಿರುತ್ತದೆ. ಗೋಡೆಯ ಮುಂದೆ ನಿಂತವನಿಗೆ ಇದು ಕೂಡಲೇ ಗೊತ್ತಾಗುತ್ತದೆ. ತುಣುಕುಗಳನ್ನು ಮಾತ್ರ ನೋಡಿ ಜನ್ನನ ಕಾಲದ ಶಿಲ್ಪಕ್ಕೂ ಕಾವ್ಯಕ್ಕೂ ಇರುವ ನಂಟನ್ನು ಬರೆಯ ಹೊರಟವನಿಗೆ ಗೊತ್ತಾಗಬೇಕೆಂದೇನೂ ಇಲ್ಲ. ಇಡೀ ಗೋಡೆಯ ಒಂದು ಹೊಲಿದ ಚಿತ್ರ, ಅದರ ಮೇಲೆ ಫಲಕಗಳ ಕ್ರಮಸಂಖ್ಯೆ, ಪ್ರತಿ ತುಣುಕಿನ ಹೆಸರಿನಲ್ಲಿ ಆ ಸಂಖ್ಯೆ, ಇಷ್ಟಿದ್ದರೆ ತುಣುಕುಗಳು ತಮ್ಮ ತಾಣವನ್ನು ಮರೆಯುವುದಿಲ್ಲ.

ಶಾಸನಗಳ ವಿಷಯದಲ್ಲಿ ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಕಲ್ಲಿನ ತಲೆಭಾಗದ ಶಿಲ್ಪವನ್ನು ಬಿಟ್ಟು ಬರಹವನ್ನಷ್ಟೇ ಅಚ್ಚುಹಾಕುವುದು ವಾಡಿಕೆ. ಶಿವಾಲಯದ ಕಲ್ಲಿನಲ್ಲಿ ಅಲ್ಲಿ ಸಾಮಾನ್ಯವಾಗಿ ಲಿಂಗ, ನಂದಿ, ಹಸುಕರು, ಸೂರ್ಯಚಂದ್ರರು. ಬಸದಿಯ ಕಲ್ಲಿನಲ್ಲಿ ಮುಕ್ಕೊಡೆಯ ಕೆಳಗೆ ಜಿನಬಿಂಬ. ಆ ಭಾಗವನ್ನು ಕತ್ತರಿಸಿ, ಕವಿಯ ಹೆಸರನ್ನು ಅಡಿಬರಹದಲ್ಲಿ ದಪ್ಪಗೆ ಹಾಕಿದರೆ ಅಮೃತಾಪುರದ ಪದ್ಯವೂ ಓದುಗನ ಕಣ್ಣಿಗೆ ಜಿನಶಾಸನವಾಗಿಯೇ ಬೀಳುತ್ತದೆ. ಜೈನಕವಿಯೊಬ್ಬ ಶೈವ ದೇಗುಲಕ್ಕೆ ಬರೆದ ಎಂಬುದೇ ಅಲ್ಲಿನ ಇತಿಹಾಸ. ನಮಗೆ ಬೇಕಾದ ಅರ್ಧವನ್ನು ಮಾತ್ರ ಚೌಕಟ್ಟಿನೊಳಗೆ ಹಿಡಿದರೆ ಜನ್ನನಿಗೆ ಗೌರವ ಸಲ್ಲಿಸಿದಂತಾಗದು.

ಅಚ್ಚಿನ ಪುಟದಲ್ಲಿ ಜಾಗವಿಲ್ಲ, ಇಡೀ ಕಲ್ಲನ್ನು ಹಾಕಿದರೆ ಅಕ್ಷರವೇ ಕಾಣದು ಎಂದು ಸಂಪಾದಕರು ಹೇಳುತ್ತಾರೆ. ಅದು ಸರಿ. ಕತ್ತರಿಸಲೇಬಾರದೆಂಬ ಹಟ ನನಗಿಲ್ಲ. ನಾಲ್ಕಂಗುಲ ಅಗಲದ ಅಚ್ಚಿಗೆ ಅಂಗುಲಕ್ಕೆ 300ರಂತೆ 1200 ಪಿಕ್ಸೆಲ್ ಅಗಲದ ತುಣುಕು ಬೇಕು. ಓದಬೇಕಾದ ಭಾಗವನ್ನೇ ಆರಿಸಿ ಕೊಡುವುದು ಓದುಗನಿಗೆ ಉಪಕಾರ. ಅದರ ಮೂಲೆಯಲ್ಲಿ ಇಡೀ ಕಲ್ಲಿನ ಅಂಚೆಚೀಟಿಯಷ್ಟು ಚಿತ್ರ, ಅಡಿಯಲ್ಲಿ ಮೂಲಚಿತ್ರದ ಹೆಸರು ಮತ್ತು ನಾಲ್ಕು ಅಂಕೆಗಳು, ಇದಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಹಿಡಿಯದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಸ್ವಯಂಸೇವಕರು ಕತ್ತರಿಸಿದ ಚಿತ್ರವನ್ನು ಹೊಸ ಹೆಸರಿನಲ್ಲಿ ಏರಿಸಿ, ಅದು ಯಾವ ಚಿತ್ರದಿಂದ ಬಂದದ್ದೆಂದು ಪುಟದಲ್ಲೇ ನಮೂದಿಸುತ್ತಾರೆ. ವಿಶ್ವವಿದ್ಯಾಲಯಗಳ ಪತ್ರಿಕೆಗಳು ಅಷ್ಟನ್ನಾದರೂ ಕೇಳಬಾರದೆ?

ಲಿಂಗದಹಳ್ಳಿಯ ಆ ವಿದ್ಯಾರ್ಥಿ ಕಳೆದ ವಾರ ಮತ್ತೆ ಅಮೃತಾಪುರಕ್ಕೆ ಹೋಗಿ, ಬೆಳಗಿನ ಓರೆಬಿಸಿಲಿನಲ್ಲಿ ಕಲ್ಲಿನ ಚಿತ್ರಗಳನ್ನು ಹೊಸದಾಗಿ ತೆಗೆದಿದ್ದಾರೆ. ಈ ಸಲ ಪೆನ್ ಡ್ರೈವ್‌ನಲ್ಲಿ ಮೂಲ ಕಡತಗಳು ಬಂದವು, ಜೊತೆಗೆ ಒಂದು ಹಾಳೆಯಲ್ಲಿ ಪ್ರತಿ ತುಣುಕಿನ ನಾಲ್ಕು ಅಂಕೆಗಳು. ಆ ಮೂರು ಸಾಲುಗಳ ಮೊದಲ ಅಕ್ಷರಗಳಲ್ಲಿ ಎರಡು ಕಲ್ಲಿನಲ್ಲಿ ಪೂರ್ತಿಯಾಗಿವೆ. ಮೂರನೆಯದು ನಿಜವಾಗಿಯೂ ಚಕ್ಕೆಯೆದ್ದು ಹೋಗಿದೆ. ಅದಕ್ಕೆ ಆವರಣ ಬೇಕು.