ಚಿಗರಿಗೆ ಬೇಲಿಯೋ, ಬಯಲೋ?

ಬೆಳಗಾವಿಯ ಸಮೀಪದ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ಪ್ರಾಣಿಸಂಗ್ರಹಾಲಯದಲ್ಲಿ 2025ನೆಯ ನವೆಂಬರ ತಿಂಗಳಿನ ಕೆಲವೇ ದಿನಗಳೊಳಗೆ 31 ಕೃಷ್ಣಮೃಗಗಳು ಸತ್ತುಹೋದವು. ಅಲ್ಲಿದ್ದುವು ಒಟ್ಟು 38. ಮೃತ್ಯುವಿಗೆ ಗಳಲೆ ರೋಗವೇ ಕಾರಣವೆಂದು ನಿರ್ಣಯವಾಯಿತು. ನಮ್ಮ ಒಕ್ಕಲಿಗರಿಗೆ ಇದು ಅಪರಿಚಿತ ರೋಗವಲ್ಲ. ಮಳೆಗಾಲಕ್ಕೆ ಮುಂಚೆ ಎತ್ತು-ಎಮ್ಮೆಗಳಿಗೆ ಲಸಿಕೆ ಹಾಕಿಸುವದು ಇದರ ಅಂಜಿಕೆಯಿಂದಲೇ. ಬಯಲಿನ ಮೃಗಗಳಿಗೆ ಬೇನೆ ಬಾರದೆಂದಲ್ಲ. ಆದರೆ ಅಲ್ಲಿ ಹಿಂಡು ಚೆದರಿ ಹೋಗಬಹುದು. ಬೇಲಿಯೊಳಗಿನ ಹಿಂಡು ಹೋಗುವದೆಲ್ಲಿಗೆ?

ಸಂತಪುರ, ಭಾಲ್ಕಿ, ಬೀದರಗಳ ನಾಗರಿಕರು ಈ ವಾರ್ತೆಯನ್ನು ದೂರದ ಊರಿನದೆಂದು ಭಾವಿಸಲಾಗದು. ನಮ್ಮವರು ಚಿಗರಿಯೆಂದು ಕರೆಯುವ ಈ ಮೃಗವು ನಮ್ಮ ಜಿಲ್ಲೆಯ ಬಯಲಿನಲ್ಲಿ ಇಂದಿಗೂ ಹಿಂಡುಗಟ್ಟಿ ತಿರುಗುತ್ತಿದೆ. ಹೈದರಾಬಾದಿಗೆ ಹೋಗಿ, 1963ರಲ್ಲಿ ತೆರೆದ ನೆಹರೂ ಪ್ರಾಣಿ ಉದ್ಯಾನದಲ್ಲಿ ಟಿಕೀಟು ಕೊಟ್ಟು ಹುಲಿ-ಸಿಂಹಗಳನ್ನು ನೋಡಿ ಬರುವ ನಮ್ಮ ಪೇಟೆಯ ಹುಡುಗರಲ್ಲಿ ಊರ ಹೊರಗಿನ ಚಿಗರಿಯನ್ನು ಕಂಡವರೆಷ್ಟು ಮಂದಿ?

ಪ್ರಾಣಿಸಂಗ್ರಹಾಲಯಗಳೆಲ್ಲ ನಿರರ್ಥಕವೆಂಬ ವಾದವನ್ನು ನಾವು ಒಪ್ಪಲಾರೆವು. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಸಂಗ್ರಹಾಲಯವು ಎಷ್ಟೋ ತಲೆಮಾರುಗಳ ಮಕ್ಕಳಿಗೆ ಪ್ರಾಣಿಲೋಕದ ಮೊದಲ ಪಾಠವನ್ನು ಕಲಿಸಿದೆ. ಪಾಕಿಸ್ತಾನದಲ್ಲಿ ಕೃಷ್ಣಮೃಗವು ನಿರ್ನಾಮವಾದ ಮೇಲೆ, ಅಮೇರಿಕೆಯ ಟೆಕ್ಸಾಸದಲ್ಲಿ ಸಾಕಿ ಬೆಳೆಸಿದ್ದ ಮೃಗಗಳನ್ನು 1970ರ ಸುಮಾರಿಗೆ ಅಲ್ಲಿಯ ಲಾಲ್ ಸುಹಾಂರಾಕ್ಕೆ ತಂದು ಸಂತತಿಯನ್ನು ಬೆಳೆಸಿದರು. ಕಾಡಿನಲ್ಲಿ ಬೀಜವೇ ಉಳಿಯದಿದ್ದಾಗ ಬೇಲಿಯು ಉಪಕಾರಿಯೇ ಸರಿ. ಆದರೆ ಬೀಜವಿನ್ನೂ ಉಳಿದಿರುವ ನೆಲದಲ್ಲಿ ಕೇವಲ ಪ್ರದರ್ಶನಕ್ಕಾಗಿ ಬೇಲಿ ಹಾಕುವದು ಯಾವ ನೀತಿ?

ಇಲ್ಲಿ ರೈತನ ಮಾತನ್ನೂ ಕೇಳಲೇಬೇಕು. ಮೊಳೆತ ಹೆಸರು, ಕಡಲೆಯನ್ನು ಚಿಗರಿಗಳು ಮೇದು ಹೋದರೆ ಅವನಿಗೆ ಕೃಷ್ಣಮೃಗದ ಸೌಂದರ್ಯವನ್ನು ವರ್ಣಿಸಿ ಹೇಳಿ ಪ್ರಯೋಜನವಿಲ್ಲ. ಇವನ್ನೆಲ್ಲ ಹಿಡಿದೊಯ್ದು ಎಲ್ಲಿಯಾದರೂ ಕೂಡಿಹಾಕಿರಿ ಎಂದು ಅವನು ಬೇಸತ್ತು ನುಡಿದರೆ ಅದು ಅವನ ತಪ್ಪಲ್ಲ. 1972ರ ಕಾಯಿದೆಯು ಚಿಗರಿಗೆ ರಕ್ಷಣೆಯನ್ನಿತ್ತಿದೆ. ಆ ರಕ್ಷಣೆಯ ವೆಚ್ಚವನ್ನು ಎರಡೆಕರೆಯ ಒಕ್ಕಲಿಗನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ. ಬೆಳೆಹಾನಿಗೆ ಪರಿಹಾರ ಕೊಡುವ ನಿಯಮವು ಅರಣ್ಯ ಖಾತೆಯಲ್ಲಿದೆ. ಆ ಹಣವು ಮುಂದಿನ ಬಿತ್ತಿಗೆಯ ಮೊದಲೇ ರೈತನ ಕೈಸೇರುವಂತೆ ಅಧಿಕಾರಿಗಳು ನೋಡಿಕೊಳ್ಳಬೇಕು.

ಚಿಗರಿಗೆ ಬೇಕಾದುದು ದಟ್ಟಡವಿಯಲ್ಲ, ಹುಲ್ಲುಗಾವಲು. ಗಾಯರಾಣ ಭೂಮಿಯನ್ನು ನಿರುಪಯುಕ್ತ ಬಂಜರೆಂದು ಕಾಗದದಲ್ಲಿ ಬರೆದು ಕಟ್ಟಡಗಳಿಗೆ ಹಂಚುವ ಪದ್ಧತಿಯು ನಿಲ್ಲದಿದ್ದರೆ ಮೃಗಗಳು ಹೊಲಕ್ಕೆ ನುಗ್ಗದೆ ಬೇರೆಲ್ಲಿಗೆ ಹೋದಾವು? ಔರಾದ, ಭಾಲ್ಕಿ ತಾಲೂಕುಗಳಲ್ಲಿ ಉಳಿದಿರುವ ಗಾಯರಾಣಗಳನ್ನು ಕಂದಾಯ ಮತ್ತು ಅರಣ್ಯ ಖಾತೆಗಳವರು ಕೂಡಿ ಅಳೆಸಿ, ಗುರುತಿನ ಕಲ್ಲು ಹಾಕಿಸಲಿ. ಈ ಕೆಲಸವು ಬರುವ ಮಳೆಗಾಲದೊಳಗೆ ಮುಗಿಯಬೇಕೆಂದು ನಾವು ಆಗ್ರಹಿಸುತ್ತೇವೆ.