ಪದ ಹಾಡುವವರ ಪಕ್ಷ ಯಾವುದು?

ಬೀದರ್ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಕಳೆದ ವರ್ಷ ಒಂದು ಸಂಜೆ ಭಜನಾ ಮಂಡಳಿಯ ಹಿರಿಯರೊಬ್ಬರ ಜೊತೆ ಮಾತಿಗೆ ಕುಳಿತಿದ್ದೆ. ಗಡಿಸೀಮೆಯ ಊರು. ಒಬ್ಬನೇ ಗಾಯಕ ಕನ್ನಡದ ತತ್ವಪದವನ್ನೂ ಮರಾಠಿಯ ಅಭಂಗವನ್ನೂ ಹಾಡುವುದು ಇಲ್ಲಿ ಯಾರಿಗೂ ಬೆರಗಿನ ಸಂಗತಿಯಲ್ಲ. ಆ ಹಿರಿಯರು ಮೊಹರಂನಲ್ಲಿ ರಿವಾಯತ್ ಪದಗಳನ್ನೂ ಹಾಡಿದವರು. ನನ್ನೊಂದಿಗೆ ಬಂದಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ, ‘ಅಜ್ಜಾ, ನಿಮ್ಮ ಮಂಡಳಿ ಯಾವ ಪಾರ್ಟಿ ಕಡೆ?’ ಎಂದು ಕೇಳಿದ. ಅವರು ನಕ್ಕು, ‘ಯಾರ್ ಕರದ್ರ ಅವರ ಬಲ್ಲಿ ಹೋಗಿ ಹಾಡ್ತೇವಪ್ಪಾ. ವೋಟ್ ಬ್ಯಾರೆ, ಪದ ಬ್ಯಾರೆ’ ಎಂದರು. ವಿದ್ಯಾರ್ಥಿಗೆ ಸಮಾಧಾನವಾಗಲಿಲ್ಲ. ಸಾಹಿತಿಗಳು, ಕಲಾವಿದರು, ನಾಟಕದವರು ಬಹುಪಾಲು ಉದಾರವಾದಿಗಳೇ ಆಗಿರುತ್ತಾರಲ್ಲ, ಅದು ಹುಟ್ಟುಗುಣವೋ ಅಥವಾ ಫ್ಯಾಶನ್ನೋ ಎಂದು ಮರಳುವ ದಾರಿಯಲ್ಲಿ ನನ್ನನ್ನೇ ಹಿಡಿದುಕೊಂಡ.

ಮನಶ್ಶಾಸ್ತ್ರಜ್ಞರು ಹುಟ್ಟುಗುಣದ ಕಡೆಗೇ ವಾಲುತ್ತಾರೆ. ಮನುಷ್ಯನ ವ್ಯಕ್ತಿತ್ವವನ್ನು ಅವರು ಐದು ಗುಣಗಳಲ್ಲಿ ಅಳೆಯುವುದುಂಟು. ಅವುಗಳಲ್ಲೊಂದು, ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣ. ಅದುವರೆಗಿನ ಅಧ್ಯಯನಗಳನ್ನು 1998ರಲ್ಲಿ ಒಟ್ಟುಗೂಡಿಸಿ ನೋಡಿದ ಗ್ರೆಗರಿ ಫೈಸ್ಟ್, ಕಲಾವಿದರಲ್ಲಿ ಈ ಗುಣ ಇತರರಿಗಿಂತ ಹೆಚ್ಚು, ಅಚ್ಚುಕಟ್ಟುತನ ಕಡಿಮೆ ಎಂದು ಕಂಡುಕೊಂಡರು. ಇದೇ ತೆರೆದ ಮನಸ್ಸು ಉದಾರವಾದಿಗಳಲ್ಲಿ ಹೆಚ್ಚು, ಅಚ್ಚುಕಟ್ಟುತನ ಸಂಪ್ರದಾಯವಾದಿಗಳಲ್ಲಿ ಹೆಚ್ಚು ಎಂದು ಡೇನಾ ಕಾರ್ನಿ, ಜಾನ್ ಜೋಸ್ಟ್ ಮೊದಲಾದವರು 2008ರಲ್ಲಿ ಬರೆದರು. ಅವರು ಜನರ ಮಲಗುವ ಕೋಣೆಗಳನ್ನೂ ಪರಿಶೀಲಿಸಿದ್ದರು. ಒಂದು ಬಣದವರ ಕೋಣೆಯಲ್ಲಿ ಬಗೆಬಗೆಯ ಪುಸ್ತಕ, ಸಂಗೀತ. ಇನ್ನೊಂದು ಬಣದವರ ಕೋಣೆಯಲ್ಲಿ ಕ್ಯಾಲೆಂಡರು, ಅಂಚೆಚೀಟಿ. ಎರಡನ್ನೂ ಕೂಡಿಸಿದರೆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ ಕಾಣುತ್ತದೆ. ಆದರೆ ಆ ಕೋಣೆಗಳೆಲ್ಲ ಅಮೆರಿಕದವು ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿ ಈ ಲೆಕ್ಕ ಮೊದಲು ತಪ್ಪುವುದು ಗೋಪಾಲಕೃಷ್ಣ ಅಡಿಗರಲ್ಲಿ. ಕಾವ್ಯದಲ್ಲಿ ಅವರಷ್ಟು ಹಳೆಯದನ್ನು ಮುರಿದವರು ಅಪರೂಪ. ನವ್ಯದ ದಾರಿ ತೆರೆದವರೇ ಅವರು. ಅದೇ ಅಡಿಗರು 1971ರ ಲೋಕಸಭಾ ಚುನಾವಣೆಗೆ ನಿಂತದ್ದು ಜನಸಂಘದ ಬಲದಿಂದ. ಸೋತರು, ಆ ಮಾತು ಬೇರೆ. ಎಸ್.ಎಲ್. ಭೈರಪ್ಪನವರನ್ನು ಉದಾರವಾದಿಗಳ ಪಟ್ಟಿಗೆ ಅವರ ಕಡು ಅಭಿಮಾನಿಯೂ ಸೇರಿಸಲಾರ. ಆದರೂ ‘ಪರ್ವ’, ‘ಮಂದ್ರ’ಗಳನ್ನು ಬರೆದವರ ಸೃಜನಶೀಲತೆಯನ್ನು ಅಲ್ಲಗಳೆಯುವುದು ಹೇಗೆ? ಹೊರಗೂ ಇದೇ ಕಥೆ. ಇಂಗ್ಲಿಷ್ ಕಾವ್ಯವನ್ನು ಹೊಸತು ಮಾಡಿದ ಎಜ್ರಾ ಪೌಂಡ್ ಮುಸೊಲಿನಿಯ ಪರ ರೋಮ್ ರೇಡಿಯೊದಲ್ಲಿ ಮಾತನಾಡಿದ. ನಾರ್ವೆಯ ಕಾದಂಬರಿಕಾರ ಕ್ನುಟ್ ಹಾಮ್ಸುನ್ ತನ್ನ ನೊಬೆಲ್ ಪದಕವನ್ನು 1943ರಲ್ಲಿ ಗೊಬೆಲ್ಸ್‌ಗೆ ಕೊಟ್ಟುಬಿಟ್ಟ. ರೂಪದಲ್ಲಿ ತೆರೆದುಕೊಂಡ ಮನಸ್ಸು ರಾಜಕೀಯದಲ್ಲೂ ತೆರೆದುಕೊಳ್ಳುತ್ತದೆಂಬ ಖಾತರಿ ಇಲ್ಲ.

ತುರ್ತುಪರಿಸ್ಥಿತಿಯ ದಿನಗಳನ್ನೇ ನೋಡಿ. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂತಿರುಗಿಸಿದರು. ಸಮಾಜವಾದಿಗಳ ಒಡನಾಡಿಯಾಗಿದ್ದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಜರ್ಝರಿತರಾಗಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಜನಸಂಘದ ಅಡಿಗರೂ ಆ ಆಡಳಿತದ ವಿರುದ್ಧವೇ ಬರೆದರು. ಅದೇ ಕಾಲಕ್ಕೆ, ಮುಂದೆ ಉದಾರವಾದಿಗಳ ಸಂಕೇತವೇ ಆಗಿಬಿಟ್ಟ ಎಂ.ಎಫ್. ಹುಸೇನರು ಇಂದಿರಾ ಗಾಂಧಿಯವರನ್ನು ದುರ್ಗೆಯಾಗಿ ಚಿತ್ರಿಸುತ್ತಿದ್ದರು. ಇಲ್ಲಿ ಎಡ ಯಾವುದು, ಬಲ ಯಾವುದು?

ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ ಸಾಕ್ಷಿ ಬಸವಕಲ್ಯಾಣ. ಸೃಜನಶೀಲತೆ ಎಂದರೆ ಬಂಡಾಯ ಎನ್ನುವವರು ಮೊದಲು ಬೊಟ್ಟುಮಾಡುವುದೇ ಹನ್ನೆರಡನೆಯ ಶತಮಾನದ ಶರಣರ ಕಡೆಗೆ. ನ್ಯಾಯವಾದದ್ದೇ. ಮಡಿವಾಳ, ಅಂಬಿಗ, ಸಮಗಾರರು ಸ್ವಂತ ದನಿಯಲ್ಲಿ ಮಾತನಾಡಿದ ಅಂಥ ಇನ್ನೊಂದು ಗಳಿಗೆ ನಮ್ಮ ಸಾಹಿತ್ಯದಲ್ಲಿಲ್ಲ. ಆದರೆ ಹೆಚ್ಚುಕಡಿಮೆ ಎರಡು ತಲೆಮಾರು ಹಿಂದೆ, ಇದೇ ಕಲ್ಯಾಣದಲ್ಲಿ, ಕಾಶ್ಮೀರದಿಂದ ಬಂದ ಬಿಲ್ಹಣ ಆರನೆಯ ವಿಕ್ರಮಾದಿತ್ಯನನ್ನು ಹೊಗಳಿ ಮಹಾಕಾವ್ಯ ಬರೆದು ಆಸ್ಥಾನದಲ್ಲಿ ಮೆರೆದ. ಅದೇ ಆಸ್ಥಾನದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’, 1956ರ ಕಾಯ್ದೆ ಬರುವವರೆಗೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾಗಿತ್ತು. ಕಟ್ಟಳೆಯನ್ನು ಬರೆದ ಊರು, ಕಟ್ಟಳೆಯನ್ನು ಮುರಿದ ಊರು, ಎರಡೂ ಒಂದೇ. ಬಿಲ್ಹಣನ ಪ್ರತಿಭೆ ಕಡಿಮೆಯದೆಂದು ಯಾರೂ ಹೇಳಿಲ್ಲ. ಅವನಿಗೆ ಅನ್ನವಿಟ್ಟವನು ಅರಸ. ಶರಣರು ತಮ್ಮ ಕಾಯಕದ ಅನ್ನ ಉಂಡವರು.

ಅನ್ನದ ಮೂಲ ಯಾವುದೆಂಬ ಪ್ರಶ್ನೆಯನ್ನು ವ್ಯಕ್ತಿತ್ವ ಅಳೆಯುವವರು ಅಷ್ಟಾಗಿ ಕೇಳುವುದಿಲ್ಲ. ಕನ್ನಡದ ಬಂಡಾಯ ಲೇಖಕರಲ್ಲಿ ಅನೇಕರು ಅಧ್ಯಾಪಕರು. ತಿಂಗಳ ಸಂಬಳ, ನಿವೃತ್ತಿಯ ನಂತರ ಪಿಂಚಣಿ ಇರುವವರು. ಹೇಳಿಕೆಗೆ ಸಹಿ ಹಾಕುವ ಧೈರ್ಯ ನಮಗೆ ಬಂದದ್ದರಲ್ಲಿ (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ) ಆ ಪಿಂಚಣಿಯ ಪಾಲೂ ಇದೆ. ಕುಶನೂರಿನ ಹಿರಿಯರಿಗೆ ಸಂಬಳವಿಲ್ಲ. ಕರೆದವರ ಸಂಭಾವನೆ ಮತ್ತು ಬಂದರೆ ಸರ್ಕಾರದ ಮಾಸಾಶನ, ಇಷ್ಟೇ. ಅವರ ಮೌನವನ್ನು ಸಂಪ್ರದಾಯವಾದವೆಂದು ಬರೆದುಕೊಂಡರೆ ಲೆಕ್ಕವೇ ತಪ್ಪಾಗುತ್ತದೆ.

ಬೀದರ್‌ನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ 2023ರ ಏಪ್ರಿಲ್‌ನಲ್ಲಿ ಪದ್ಮಶ್ರೀ ಪಡೆದಾಗ ಪ್ರಧಾನಿಗೆ ಹೇಳಿದ ಮಾತು ಸುದ್ದಿಯಾಯಿತು. ಬಿಜೆಪಿ ಸರ್ಕಾರ ತಮಗೆ ಪ್ರಶಸ್ತಿ ಕೊಡಲಾರದೆಂದು ಭಾವಿಸಿದ್ದಾಗಿಯೂ ಆ ಭಾವನೆ ಸುಳ್ಳಾಯಿತೆಂದೂ ಅವರು ಹೇಳಿದ್ದರು. ಒಂದು ಬಣ ಸಂಭ್ರಮಿಸಿತು, ಇನ್ನೊಂದು ಮುಖ ಸಿಂಡರಿಸಿತು. ಸತು, ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಅದಕ್ಕೆ ಕಪ್ಪು ತರಿಸುವ ಕೈಚಳಕದ ಬಗ್ಗೆ ಎರಡೂ ಕಡೆಯವರು ಹೆಚ್ಚು ಮಾತನಾಡಿದ್ದನ್ನು ನಾನು ಕೇಳಲಿಲ್ಲ. ಪರಂಪರೆಯ ಕುಸುರಿಯನ್ನು ಚಾಚೂ ತಪ್ಪದೆ ಉಳಿಸಿಕೊಂಡು, ಅದರೊಳಗೇ ಹೊಸ ವಿನ್ಯಾಸ ಹುಡುಕುವವನನ್ನು ಆ ಐದು ಗುಣಗಳ ಪಟ್ಟಿಯಲ್ಲಿ ಎಲ್ಲಿ ಕೂರಿಸುವುದು? ಅಚ್ಚುಕಟ್ಟುತನ ಕಡಿಮೆಯಾದರೆ ಬಿದ್ರಿ ಕೆಲಸವೇ ಕೆಡುತ್ತದೆ.

ಕಲಾವಿದ ಎಂದರೆ ವಿರೋಧಿ, ಇಲ್ಲವೇ ನಮ್ಮವ ಎಂದು ಮೊದಲೇ ತೀರ್ಮಾನಿಸುವುದರಿಂದ ಆಗುವ ಹಾನಿ ದೊಡ್ಡದು. ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ 2015ರಲ್ಲಿ ಕುಂ. ವೀರಭದ್ರಪ್ಪ, ರಹಮತ್ ತರೀಕೆರೆ ಅಕಾಡೆಮಿ ಪ್ರಶಸ್ತಿ ಹಿಂತಿರುಗಿಸಿದಾಗ ಕೊಲೆಯ ಚರ್ಚೆ ಹಿಂದೆ ಸರಿದು, ಅವರು ಯಾರ ಕಡೆಯವರೆಂಬುದೇ ಮುಖ್ಯವಾಯಿತು. 2019ರ ಚುನಾವಣೆಗೆ ಮುನ್ನ 600ಕ್ಕೂ ಹೆಚ್ಚು ರಂಗಕರ್ಮಿಗಳು ಬಿಜೆಪಿ ವಿರುದ್ಧ ಮತ ಕೇಳಿದರೆ, ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಕಲಾವಿದರು ಪರವಾಗಿ ಸಹಿ ಹಾಕಿದರು. ಇಷ್ಟಕ್ಕೇ ನಿಂತಿದ್ದರೆ ಅದು ಪ್ರಜಾಪ್ರಭುತ್ವದ ಮಾಮೂಲು ಗದ್ದಲ. ಆದರೆ 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದ್ದಕ್ಕೆ ರಾಜದ್ರೋಹದ ಪ್ರಕರಣ ದಾಖಲಾಯಿತು. ಒಬ್ಬ ಶಿಕ್ಷಕಿ, ಒಬ್ಬ ತಾಯಿ ಜೈಲು ಕಂಡರು. ಮಕ್ಕಳನ್ನು ಪೊಲೀಸರು ಪ್ರಶ್ನಿಸಿದರು. ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸುವಾಗ 2023ರ ಜೂನ್ ಬಂದಿತ್ತು. ಆ ಮಕ್ಕಳ ವ್ಯಕ್ತಿತ್ವವನ್ನು ಯಾವ ಪ್ರಶ್ನಾವಳಿಯಿಂದ ಅಳೆಯೋಣ?

ಅಂದು ಬೀಳ್ಕೊಡುವಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದ್ದರು. ಮೊದಲು ಕರೆದವರು ಬರೀ ‘ಬರ್ರಿ’ ಅಂತಿದ್ದರಂತೆ. ಈಗ ಯಾವ ಪದ ಹಾಡಬೇಕು, ಯಾವುದು ಬೇಡ ಎಂಬುದನ್ನೂ ಕರೆಯುವಾಗಲೇ ಹೇಳುತ್ತಾರೆ. ‘ಬ್ಯಾಡ ಅಂದ ಪದ ಮನ್ಯಾಗ ಹಾಡ್ಕೊಂತೀನಿ’ ಎಂದು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿದರು.